ಬೆಕ್ಕಿಗೆ ನೈಸರ್ಗಿಕ ಲಿಟರ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯೊಳಗಿನ ಬೆಕ್ಕು ಮಲಮೂತ್ರ ಮಾಡಲೆಂದು ಟ್ರೇಯಲ್ಲಿ ತುಂಬಿಡುವ, ತೇವ ಹೀರುವ ಪದಾರ್ಥವೇ ಲಿಟರ್. ಬೆಕ್ಕು ಸಾಕುವವರೊಡನೆ ನಡೆಯುವ ಮಾತುಕತೆಯಲ್ಲಿ, ಅವರು ಬರೆಯುವ ಪತ್ರಗಳಲ್ಲಿ ಮತ್ತು ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಆದಷ್ಟೂ ಅವರದೇ ಮಾತಿನಲ್ಲಿ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಮೊದಲ ಬಾರಿಗೆ ಲಿಟರ್ ಕೊಳ್ಳುವವರ ಪ್ರಶ್ನೆಗಳು ಮೊದಲಿಗೂ, ಆರೋಗ್ಯ ಮತ್ತು ವಿಲೇವಾರಿಗೆ ಸಂಬಂಧಿಸಿದವು ಕೊನೆಗೂ ಇವೆ. ಒಂದೊಂದು ಉತ್ತರವನ್ನೂ ಬಿಡಿಯಾಗಿಯೇ ಓದಬಹುದು.

## ಕೊಳ್ಳುವ ಮುನ್ನ

ನೈಸರ್ಗಿಕ ಲಿಟರ್ ಅಂದರೆ ಏನು? ಜೇಡಿಮಣ್ಣೂ ಪ್ರಕೃತಿಯದ್ದೇ ಅಲ್ಲವೇ?

ಮಾರುಕಟ್ಟೆಯಲ್ಲಿ ಈ ಹೆಸರು ಸಾಮಾನ್ಯವಾಗಿ ಸಸ್ಯಮೂಲದ ಲಿಟರ್‌ಗಳಿಗೆ ಸಲ್ಲುತ್ತದೆ. ಮರದ ಹೊಟ್ಟು, ಮೆಕ್ಕೆಜೋಳ, ಗೋಧಿ, ಮರಗೆಣಸು, ಸೋಯಾ ಚರಟ, ಅಕ್ರೋಟಿನ ಚಿಪ್ಪು, ತೆಂಗಿನ ನಾರು, ಹುಲ್ಲಿನ ಬೀಜ ಮತ್ತು ಮರುಬಳಕೆಯ ಕಾಗದ ಈ ಗುಂಪಿನಲ್ಲಿ ಬರುತ್ತವೆ. ಜೇಡಿಮಣ್ಣಿನ ಬಗೆಗಿನ ಆಕ್ಷೇಪ ನ್ಯಾಯವಾದದ್ದೇ; ಆದರೆ ಅದು ಗಣಿಯಿಂದ ಅಗೆದು ತೆಗೆಯುವ ಖನಿಜವಾದ್ದರಿಂದ ಮತ್ತೆ ಬೆಳೆಯುವುದಿಲ್ಲ, ಬಳಸಿ ಎಸೆದ ಮೇಲೆ ಕೊಳೆಯುವುದೂ ಇಲ್ಲ. ಲಿಟರ್ ಆಗಿ ಮಾರುವ ಸಿಲಿಕಾ ಹರಳುಗಳಂತೂ ಕಾರ್ಖಾನೆಯಲ್ಲಿ ಸೋಡಿಯಂ ಸಿಲಿಕೇಟ್‌ನಿಂದ ತಯಾರಾಗುವಂಥವು. ಪೊಟ್ಟಣದ ಮುಂಭಾಗದಲ್ಲಿರುವ ಹಸಿರೆಲೆಯ ಚಿತ್ರವನ್ನು ನಂಬುವುದಕ್ಕಿಂತ ಹಿಂಭಾಗದ ಪದಾರ್ಥಗಳ ಪಟ್ಟಿಯನ್ನು ಓದುವುದು ಮೇಲು, ಏಕೆಂದರೆ ಸಸ್ಯಮೂಲದ ಲಿಟರ್‌ಗೂ ಬಣ್ಣ ಮತ್ತು ಸುಗಂಧವನ್ನು ಬೆರೆಸುವವರಿದ್ದಾರೆ.

ಈಗ ಬಳಸುತ್ತಿರುವ ಮಣ್ಣಿನ ಲಿಟರ್ ಚೆನ್ನಾಗಿಯೇ ಇದೆ. ಬದಲಾಯಿಸಲೇಬೇಕಾ?

ಬೇಕಿಲ್ಲ. ಮನೆಯೊಳಗಿನ ಬೆಕ್ಕಿಗೆ ಬೂದಿ ಅಥವಾ ಮರಳು ಹಾಕುತ್ತಿದ್ದ ಕಾಲದಲ್ಲಿ, 1947ರಲ್ಲಿ, ಅಮೆರಿಕದ ಎಡ್ ಲೋ ಎಂಬಾತ ತೇವ ಹೀರುವ ಒಣ ಜೇಡಿಯನ್ನು ಪೊಟ್ಟಣ ಕಟ್ಟಿ ಮಾರಲು ತೊಡಗಿದ. 1980ರ ದಶಕದಲ್ಲಿ ಉಂಡೆ ಕಟ್ಟುವ ಬೆಂಟೋನೈಟ್ ಜೇಡಿ ಬಂದಿತು. ನೀರು ತಾಗಿದೊಡನೆ ಹಲವು ಪಟ್ಟು ಉಬ್ಬಿ ಗಟ್ಟಿ ಉಂಡೆಯಾಗುವ ಬೆಂಟೋನೈಟ್‌ಗೆ ಆ ಒಂದು ಗುಣದಲ್ಲಿ ಸರಿಸಾಟಿಯಾದ ಸಸ್ಯಮೂಲದ ಲಿಟರ್ ಸಿಗುವುದು ಕಷ್ಟ. ಅದರ ತೂಕ, ಧೂಳು, ಗಣಿಗಾರಿಕೆ ಅಥವಾ ವಿಲೇವಾರಿಯ ತೊಡಕು ನಿಮ್ಮನ್ನು ನಿಜವಾಗಿ ಕಾಡುತ್ತಿದ್ದರೆ ಬದಲಾವಣೆಗೆ ಅರ್ಥವಿದೆ. ಬೆಕ್ಕು ಒಪ್ಪಿಕೊಂಡಿರುವ ವ್ಯವಸ್ಥೆಯನ್ನು ಕದಲಿಸಲು ಅಷ್ಟಾದರೂ ಕಾರಣ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಎಷ್ಟು ಬಗೆಗಳಿವೆ, ಒಂದೊಂದರ ಗುಣದೋಷ ಏನು?

ಪೈನ್ ಮರದ ಗುಳಿಗೆಗಳು ಮರದ ಮಿಲ್ಲಿನಲ್ಲಿ ಉಳಿದ ಹೊಟ್ಟನ್ನು ಬಿಸಿಯಲ್ಲಿ ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಕಡ್ಡಿಗಳು. ಮೂತ್ರ ತಾಗಿದಾಗ ಇವು ಉಂಡೆ ಕಟ್ಟುವುದಿಲ್ಲ, ಉಬ್ಬಿ ಮತ್ತೆ ಹೊಟ್ಟಾಗಿ ಉದುರುತ್ತವೆ. ಅಮೋನಿಯಾದ ಘಾಟನ್ನು ತಡೆಯುವುದರಲ್ಲಿ ಇವು ಗಟ್ಟಿಗ. ಹೆಚ್ಚು ದಿನ ಬಾಳಿಕೆ ಬರುತ್ತವೆ. ಆದರೆ ಗುಳಿಗೆ ದೊಡ್ಡದಾದ್ದರಿಂದ ಎಷ್ಟೋ ಬೆಕ್ಕುಗಳಿಗೆ ಅದರ ಮೇಲೆ ನಿಲ್ಲುವುದೇ ಹಿಡಿಸುವುದಿಲ್ಲ. ಅದೇ ಮರದ ನಾರನ್ನು ಸಣ್ಣಗೆ ಪುಡಿಮಾಡಿ, ಗೋರಿಕಾಯಿ ಬೀಜದಿಂದ ಬರುವ ಗೌರ್ ಅಂಟನ್ನು ಬೆರೆಸಿ, ಉಂಡೆ ಕಟ್ಟುವಂತೆ ಮಾಡಿದ ಲಿಟರ್ ಕೂಡ ಇದೆ. ಅದು ಪಾದಕ್ಕೆ ಮೆತ್ತಗಿರುತ್ತದೆ, ಹಗುರವಾದ ಕಾರಣ ಮನೆಯೆಲ್ಲ ಹರಡುತ್ತದೆ.

ಟೋಫು ಲಿಟರ್ ಎಂದು ಕರೆಯುವುದು ಸೋಯಾ ಹಾಲನ್ನು ಹಿಂಡಿದ ಮೇಲೆ ಉಳಿಯುವ ಚರಟದಿಂದ ಮಾಡಿದ್ದು. ಮುರಿದ ಶ್ಯಾವಿಗೆಯಂತೆ ಕಾಣುವ ಸಣ್ಣ ಕಡ್ಡಿಗಳು ಪಿಷ್ಟ ಮತ್ತು ಗೌರ್ ಅಂಟಿನ ಬಲದಿಂದ ಉಂಡೆ ಕಟ್ಟುತ್ತವೆ. ಧೂಳು ಕಡಿಮೆ, ಕಾಲಿಗೆ ಅಂಟಿಕೊಂಡು ಬರುವುದೂ ಕಡಿಮೆ. ಪ್ರೋಟೀನು ಮತ್ತು ಪಿಷ್ಟ ಎರಡೂ ಇರುವುದರಿಂದ ತೇವ ತಗುಲಿದರೆ ಬೂಷ್ಟು ಹಿಡಿಯುತ್ತದೆ, ಒದ್ದೆಯಾದ ಭಾಗವನ್ನು ತೆಗೆಯಲು ತಡಮಾಡಿದರೆ ಹುಳಿ ವಾಸನೆ ಬರುತ್ತದೆ.

ಮೆಕ್ಕೆಜೋಳ, ಗೋಧಿ ಮತ್ತು ಮರಗೆಣಸಿನ ಲಿಟರ್‌ಗಳು ಮಣ್ಣಿನ ಲಿಟರ್‌ಗೆ ಸ್ಪರ್ಶದಲ್ಲಿ ಬಹಳ ಹತ್ತಿರ. ತಮ್ಮದೇ ಪಿಷ್ಟದಿಂದ ಗಟ್ಟಿಯಾಗಿ ಅಂಟಿಕೊಳ್ಳುವ ಇವನ್ನು ಬೆಕ್ಕುಗಳು ಸುಲಭವಾಗಿ ಒಪ್ಪುತ್ತವೆ. ಅದೇ ಪಿಷ್ಟ ಹುಳುಗಳಿಗೂ ಪ್ರಿಯ. ಹುಲ್ಲಿನ ಬೀಜದ ಲಿಟರ್ ನಯವಾಗಿದ್ದು ಚೆನ್ನಾಗಿ ಉಂಡೆ ಕಟ್ಟುತ್ತದೆ, ತೀರ ಹಗುರವಾದ್ದರಿಂದ ಬೆಕ್ಕು ಕೆದಕಿದಾಗ ಟ್ರೇಯ ಹೊರಗೆ ಹಾರುತ್ತದೆ.

ಅಕ್ರೋಟು ಚಿಪ್ಪಿನ ಲಿಟರ್ ವಾಸನೆಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಅದರ ಕಡು ಕಂದು ಬಣ್ಣ ಮೂತ್ರದ ಬಣ್ಣವನ್ನೂ ರಕ್ತದ ಕಲೆಯನ್ನೂ ಮರೆಮಾಡುತ್ತದೆ. ಬಿಳಿ ನೆಲದ ಮೇಲೆ ಹೆಜ್ಜೆ ಗುರುತು ಬಿಡುವುದೂ ಉಂಟು. ಕಾಗದದ ಗುಳಿಗೆ ಮೆದು, ಹೆಚ್ಚು ಹೀರುತ್ತದೆ, ವಾಸನೆ ತಡೆಯುವುದರಲ್ಲಿ ಎಲ್ಲಕ್ಕಿಂತ ಹಿಂದೆ. ತೆಂಗಿನ ನಾರಿನ ಪುಡಿ ಹೀರುವುದೇನೋ ಚೆನ್ನಾಗಿದೆ. ಉಂಡೆಯಾಗುವುದಿಲ್ಲ, ಉದ್ದ ಕೂದಲಿನ ಬೆಕ್ಕಿನ ಮೈಗೆ ಸಿಕ್ಕಿಕೊಳ್ಳುತ್ತದೆ.

ಅಷ್ಟೆಲ್ಲ ಬೇಡ, ಯಾವುದು ಕೊಳ್ಳಲಿ ಅಂತ ಒಂದೇ ಮಾತಿನಲ್ಲಿ ಹೇಳಿ.

ಬೆಕ್ಕು ಈಗ ಮಣ್ಣಿನ ಲಿಟರ್‌ಗೆ ಒಗ್ಗಿಕೊಂಡಿದ್ದರೆ ನಯವಾದ, ಸುಗಂಧವಿಲ್ಲದ, ಉಂಡೆ ಕಟ್ಟುವ ಮೆಕ್ಕೆಜೋಳದ್ದೋ ಗೋಧಿಯದ್ದೋ ಮರದ ನಾರಿನದ್ದೋ ಚಿಕ್ಕ ಪೊಟ್ಟಣವೊಂದನ್ನು ತನ್ನಿ. ಮನೆಗೆ ಹೊಸದಾಗಿ ಮರಿ ಬಂದಿದ್ದರೆ ಉಂಡೆ ಕಟ್ಟದ ಕಾಗದ ಅಥವಾ ಮರದ ಗುಳಿಗೆ ಸಾಕು. ದೊಡ್ಡ ಮೂಟೆ ಅಗ್ಗವೆಂದು ಮೊದಲ ಸಲವೇ ಅದನ್ನು ಹೊತ್ತು ತರಬೇಡಿ.

ಪೊಟ್ಟಣ ಒಡೆದ ಮೇಲೆ, ಬೆಕ್ಕಿಗೆ ಕೊಡುವ ಮೊದಲು ಪರೀಕ್ಷಿಸಿ ನೋಡುವ ದಾರಿ ಇದೆಯೇ?

ಇದೆ, ಅರ್ಧ ಗಂಟೆಯ ಕೆಲಸ. ಅಗಲ ಬಾಯಿಯ ಹಳೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಐದು ಸೆಂಟಿಮೀಟರ್ ಎತ್ತರಕ್ಕೆ ಲಿಟರ್ ತುಂಬಿ, ಚಿಟಿಕೆ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರನ್ನು ಎರಡು ದೊಡ್ಡ ಚಮಚೆಯಷ್ಟು ಒಂದೇ ಜಾಗಕ್ಕೆ ಹುಯ್ಯಿರಿ. ಡಬ್ಬಿಯನ್ನು ಎತ್ತಿ ತಳವನ್ನು ನೋಡಿದರೆ ನೀರು ಮೇಲಿನ ಪದರದಲ್ಲೇ ನಿಂತಿತೋ ಕೆಳಗೆ ಇಳಿದು ಹರಡಿತೋ ಎಂಬುದು ತಿಳಿಯುತ್ತದೆ. ಹದಿನೈದು ನಿಮಿಷ ಬಿಟ್ಟು ಉಂಡೆಯನ್ನು ಸಲಿಕೆಯಿಂದ ಎತ್ತಿ, ಮೆಲ್ಲಗೆ ಅಲುಗಾಡಿಸಿ. ಅಂಚುಗಳು ಉದುರಿ ಒದ್ದೆ ಪುಡಿ ಕೆಳಗೆ ಬಿದ್ದರೆ ಆ ಪುಡಿ ದಿನದಿನವೂ ಟ್ರೇಯಲ್ಲೇ ಉಳಿದು ನಾರುತ್ತದೆ. ತಳಕ್ಕೆ ಹಿಟ್ಟಿನಂತೆ ಅಂಟಿ ಕೆರೆದು ತೆಗೆಯಬೇಕಾಗಿ ಬಂದರೆ ಟ್ರೇಯಲ್ಲೂ ಅದೇ ಗತಿ. ಪೈನ್ ಗುಳಿಗೆಯಾದರೆ ಲೆಕ್ಕ ಬೇರೆ: ಒದ್ದೆಯಾದ ಗುಳಿಗೆ ಬೆರಳಿನಿಂದ ಒತ್ತಿದೊಡನೆ ಪೂರ್ತಿ ಹೊಟ್ಟಾಗಬೇಕು, ಪಕ್ಕದ ಗುಳಿಗೆ ಒಣಗಿಯೇ ಇರಬೇಕು. ಕೊನೆಗೆ ಒಂದು ಹಿಡಿ ಒಣ ಲಿಟರನ್ನು ಕಿಟಕಿಯ ಬೆಳಕಿಗೆ ಅಡ್ಡವಾಗಿ ಒಂದು ಅಡಿ ಎತ್ತರದಿಂದ ಸುರಿಯಿರಿ. ಗಾಳಿಯಲ್ಲಿ ತೇಲುವ ಧೂಳು ಕಣ್ಣಿಗೇ ಕಾಣುತ್ತದೆ.

ಕಿಲೋ ಲೆಕ್ಕದಲ್ಲಿ ನೋಡಿದರೆ ಇವು ದುಬಾರಿ. ನಿಜವಾಗಿಯೂ ಹಾಗೆಯೇ?

ಕಿಲೋ ಲೆಕ್ಕ ದಾರಿ ತಪ್ಪಿಸುತ್ತದೆ. ಮಣ್ಣು ಭಾರ, ಸಸ್ಯಮೂಲದ್ದು ಹಗುರ, ಆದ್ದರಿಂದ ಅದೇ ತೂಕದಲ್ಲಿ ಟ್ರೇ ಹೆಚ್ಚು ಸಲ ತುಂಬುತ್ತದೆ. ಪೊಟ್ಟಣದ ಮೇಲೆ ಕೊಂಡ ದಿನಾಂಕವನ್ನು ಬರೆದಿಟ್ಟು, ಅದು ಮುಗಿದ ದಿನದೊಂದಿಗೆ ಹೋಲಿಸಿ ತಿಂಗಳ ಖರ್ಚನ್ನು ತೆಗೆಯಿರಿ.

## ದಿನದ ಬಳಕೆ

ಉಂಡೆ ಕಟ್ಟುವುದೇ ಬೇಕಾ, ಕಟ್ಟದ್ದು ಸಾಲದೇ?

ಉಂಡೆ ಕಟ್ಟುವ ಲಿಟರ್‌ನಲ್ಲಿ ಮೂತ್ರವನ್ನು ದಿನವೂ ಪೂರ್ತಿಯಾಗಿ ಹೊರತೆಗೆಯಬಹುದು. ಉಳಿದದ್ದು ಒಣದಾಗಿಯೇ ಇರುವುದರಿಂದ ಕಡಿಮೆಯಾದಷ್ಟನ್ನು ತುಂಬುತ್ತ ಹೋದರೆ ಸಾಕು, ಸುಮಾರು ತಿಂಗಳಿಗೊಮ್ಮೆ ಎಲ್ಲವನ್ನೂ ಚೆಲ್ಲಿ ಟ್ರೇ ತೊಳೆಯಬೇಕು. ಉಂಡೆ ಕಟ್ಟದ್ದರಲ್ಲಿ ಮಲವನ್ನು ಮಾತ್ರ ಎತ್ತಬಹುದು. ಮೂತ್ರ ಲಿಟರ್‌ನೊಳಗೇ ಉಳಿಯುವುದರಿಂದ ವಾರಕ್ಕೊಮ್ಮೆಯಾದರೂ ಪೂರ್ತಿ ಬದಲಾಯಿಸಬೇಕಾಗುತ್ತದೆ. ಜರಡಿ ಟ್ರೇಯಲ್ಲಿ ಬಳಸುವ ಮರದ ಗುಳಿಗೆ ಇವೆರಡರ ನಡುವೆ ನಿಲ್ಲುತ್ತದೆ.

ಜರಡಿ ಟ್ರೇ ಹೇಗೆ ಕೆಲಸ ಮಾಡುತ್ತದೆ?

ಒಂದರೊಳಗೊಂದು ಕೂರುವ ಎರಡು ಟ್ರೇಗಳಲ್ಲಿ ಮೇಲಿನದರ ತಳ ಜರಡಿಯಾಗಿರುತ್ತದೆ. ಗುಳಿಗೆಗಳನ್ನು ಮೇಲಿನದರಲ್ಲಿ ಹರಡಿ, ದಿನವೂ ಮಲವನ್ನು ಎತ್ತಿದ ಮೇಲೆ ಅದನ್ನು ಎಡಕ್ಕೂ ಬಲಕ್ಕೂ ಜಾಲಾಡಿಸಿದರೆ ಒದ್ದೆಯಾಗಿ ಪುಡಿಯಾದ ಹೊಟ್ಟು ಕೆಳಗಿನ ಟ್ರೇಗೆ ಇಳಿದು, ಒಣ ಗುಳಿಗೆಗಳು ಮೇಲೆ ಉಳಿಯುತ್ತವೆ. ಕೆಳಗಿನ ಹೊಟ್ಟನ್ನು ದಿನ ಬಿಟ್ಟು ದಿನವಾದರೂ ಚೆಲ್ಲಬೇಕು. ಸಾಮಾನ್ಯ ಸಲಿಕೆಯ ಸಂದುಗಳಲ್ಲಿ ಗುಳಿಗೆಗಳು ಸಿಕ್ಕಿಕೊಳ್ಳುವುದರಿಂದ ಅಗಲ ಸಂದಿನ ಸಲಿಕೆ ಬೇಕಾಗುತ್ತದೆ.

ಟ್ರೇಯಲ್ಲಿ ಎಷ್ಟು ತುಂಬಬೇಕು? ಎಷ್ಟು ಟ್ರೇ ಇಡಬೇಕು?

ನಯವಾದ, ಉಂಡೆ ಕಟ್ಟುವ ಲಿಟರ್‌ಗೆ 5ರಿಂದ 7 ಸೆಂಟಿಮೀಟರ್ ಆಳ ಬೇಕು. ಇಲ್ಲದಿದ್ದರೆ ಉಂಡೆ ತಳಕ್ಕೆ ಅಂಟಿಕೊಳ್ಳುತ್ತದೆ. ಮರದ ಗುಳಿಗೆ ಉಬ್ಬುವುದರಿಂದ 2ರಿಂದ 3 ಸೆಂಟಿಮೀಟರ್ ಸಾಕು. ಟ್ರೇಗಳ ಸಂಖ್ಯೆ ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚಿರಬೇಕೆಂಬುದು ಪಶುವೈದ್ಯರ ರೂಢಿಯ ಸಲಹೆ. ಟ್ರೇಯ ಉದ್ದ ಮೂಗಿನಿಂದ ಬಾಲದ ಬುಡದವರೆಗಿನ ಬೆಕ್ಕಿನ ಉದ್ದದ ಒಂದೂವರೆ ಪಟ್ಟು ಇರಬೇಕು. ಅಂಗಡಿಯಲ್ಲಿ ಸಿಗುವ ಬಹುಪಾಲು ಟ್ರೇಗಳು ದೊಡ್ಡ ಬೆಕ್ಕಿಗೆ ಇಕ್ಕಟ್ಟಾಗುತ್ತವೆ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಎಷ್ಟೋ ಮನೆಗಳಲ್ಲಿ ಲಿಟರ್ ಮೇಲೆ ಹೊರಿಸುವ ದೂರು ಟ್ರೇಯದ್ದಾಗಿರುತ್ತದೆ.

ದಿನವೂ ಸ್ವಚ್ಛ ಮಾಡಿದರೂ ವಾಸನೆ ಬರುತ್ತದೆ. ಲಿಟರ್ ಸರಿಯಿಲ್ಲವೇ?

ಆಗತಾನೇ ಹೊಯ್ದ ಮೂತ್ರಕ್ಕೆ ಅಷ್ಟೇನೂ ಘಾಟು ಇರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ತಮ್ಮ ಯೂರಿಯೇಸ್ ಎಂಬ ಕಿಣ್ವದಿಂದ ಒಡೆದಾಗ ಅಮೋನಿಯಾ ಹುಟ್ಟುತ್ತದೆ, ಇದಕ್ಕೆ ಕಾಲ ಮತ್ತು ತೇವ ಎರಡೂ ಬೇಕು. ಆದ್ದರಿಂದ ಯಾವ ಲಿಟರ್ ಆದರೂ ಮಾಡುವುದು ಇಷ್ಟೇ: ತೇವವನ್ನು ಹೀರಿ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನಗೊಳಿಸುವುದು, ನಿಲ್ಲಿಸಬಲ್ಲದ್ದು ಸಲಿಕೆ ಮಾತ್ರ. ದಿನಕ್ಕೆ ಒಂದು ಸಲ ಎತ್ತುತ್ತಿದ್ದರೆ ಎರಡು ಸಲ ಎತ್ತಿ ನೋಡಿ, ಲಿಟರ್ ಬದಲಾಯಿಸುವ ಮಾತು ಆಮೇಲೆ.

ಇದರ ಮೇಲೆ ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲವೂ ಇದೆ. ಅದು ಒಡೆದಾಗ ಬರುವುದೇ ಗಂಡುಬೆಕ್ಕಿನ ಆ ವಿಶಿಷ್ಟ ನಾತ. ಸಂತಾನಹರಣ ಶಸ್ತ್ರಚಿಕಿತ್ಸೆಯಾಗದ ಗಂಡುಗಳಲ್ಲಿ ಇದು ಬಹಳ ಹೆಚ್ಚು, ಅಂಥ ಬೆಕ್ಕಿರುವ ಮನೆಯಲ್ಲಿ ಯಾವ ಲಿಟರ್ ತಂದರೂ ಪೂರ್ತಿ ಸಮಾಧಾನ ಸಿಗಲಾರದು. ಹಳೆಯ ಪ್ಲಾಸ್ಟಿಕ್ ಟ್ರೇಯ ಗೀರುಗಳೂ ವಾಸನೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, ವರ್ಷಕ್ಕೊಮ್ಮೆ ಟ್ರೇಯನ್ನೇ ಬದಲಾಯಿಸುವುದು ವಾಸಿ. ತೊಳೆಯಲು ಬಿಸಿನೀರು ಮತ್ತು ಸೌಮ್ಯವಾದ ಸೋಪು ಸಾಕು. ಮೂತ್ರದ ಪಸೆಯಿರುವ ಟ್ರೇಗೆ ಬ್ಲೀಚ್ ಹಾಕಬಾರದು, ಅಮೋನಿಯಾದ ಜೊತೆ ಸೇರಿ ಅದು ಕ್ಲೋರಮೈನ್ ಎಂಬ ವಿಷಾನಿಲವನ್ನು ಹೊರಡಿಸುತ್ತದೆ.

ಹೊಸ ಪೊಟ್ಟಣದಲ್ಲಿ ಹುಳು ಕಾಣಿಸಿತು. ಬಳಸಬಹುದೇ?

ಬೇಡ. ಧಾನ್ಯದ ಲಿಟರ್ ಧಾನ್ಯವೇ ಆದ್ದರಿಂದ ಅಕ್ಕಿ ಹಿಟ್ಟಿಗೆ ಬೀಳುವ ಹುಳು, ಪತಂಗಗಳೇ ಇದಕ್ಕೂ ಬೀಳುತ್ತವೆ. ಹುಳು ಬೆಕ್ಕಿಗೆ ಅಪಾಯವಲ್ಲದಿದ್ದರೂ ಅಡುಗೆಮನೆಯ ಡಬ್ಬಿಗಳಿಗೆ ದಾಟಿಕೊಳ್ಳುತ್ತದೆ. ಅದಕ್ಕಿಂತ ಗಂಭೀರವಾದದ್ದು ಬೂಷ್ಟು. ತೇವ ಹಿಡಿದ ಮೆಕ್ಕೆಜೋಳದ ಮೇಲೆ ಬೆಳೆಯುವ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರಗಳಲ್ಲಿ ಕೆಲವು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡಬಲ್ಲವು, ಪಾದ ನೆಕ್ಕುವ ಪ್ರಾಣಿಗೆ ಅದು ಬಾಯಿಗೇ ಹೋಗುತ್ತದೆ. ಮುಗ್ಗಲು ವಾಸನೆ ಬಂದರೆ ಮೇಲಿನ ಪದರವನ್ನು ತೆಗೆದು ಉಳಿದದ್ದನ್ನು ಬಳಸುವ ಆಸೆಗೆ ಬೀಳದೆ ಇಡೀ ಪೊಟ್ಟಣವನ್ನು ಎಸೆಯಿರಿ. ತಂದೊಡನೆ ಗಾಳಿಯಾಡದ ಡಬ್ಬಿಗೆ ತುಂಬಿಡುವುದು, ಬಚ್ಚಲಿನ ಬಳಿ ಇಡದಿರುವುದು, ತಿಂಗಳಿಗೆ ಬೇಕಾದಷ್ಟನ್ನೇ ಕೊಳ್ಳುವುದು ಒಳ್ಳೆಯ ಅಭ್ಯಾಸಗಳು.

ಕೆದಕಿ ಕೆದಕಿ ಮನೆಯೆಲ್ಲ ಹರಡುತ್ತದೆ, ಏನು ಮಾಡಲಿ?

ದಪ್ಪ ಗುಳಿಗೆ ಕಡಿಮೆ ಹರಡುತ್ತದೆ, ನಯವಾದದ್ದು ಹೆಚ್ಚು. ಬೆಕ್ಕಿನ ಇಷ್ಟ ಇದಕ್ಕೆ ತದ್ವಿರುದ್ಧವಾದ್ದರಿಂದ ಸ್ವಲ್ಪ ಹರಡುವುದನ್ನು ಒಪ್ಪಿಕೊಂಡು ಎತ್ತರದ ಅಂಚಿನ ಟ್ರೇ ಮತ್ತು ಅದರ ಮುಂದೆ ಒಂದು ಒರಟು ಚಾಪೆಯನ್ನು ಇಡುವುದೇ ದಾರಿ.

ಮರಳು, ಬೂದಿ, ಮರದ ಹೊಟ್ಟು, ಪತ್ರಿಕೆ ಮನೆಯಲ್ಲೇ ಇರುವಾಗ ಕೊಳ್ಳುವುದೇಕೆ?

ಬೂದಿಯನ್ನು ಖಂಡಿತ ಬಳಸಬಾರದು. ಒಣಗಿದ್ದಾಗ ಸಾಧುವಾಗಿ ಕಾಣುವ ಬೂದಿ ಒದ್ದೆಯಾದಾಗ ತೀಕ್ಷ್ಣ ಕ್ಷಾರವಾಗಿ ಪಾದದ ಚರ್ಮವನ್ನೂ, ನೆಕ್ಕಿದಾಗ ಬಾಯಿಯನ್ನೂ ಸುಡಬಲ್ಲದು. ಮರಳಿನ ಸ್ಪರ್ಶ ಬೆಕ್ಕಿಗೆ ಬಲು ಇಷ್ಟ, ಆದರೆ ಅದು ಹೀರುವುದಿಲ್ಲ. ಮೂತ್ರ ತಳಕ್ಕೆ ಇಳಿದು ನಿಲ್ಲುತ್ತದೆ. ಬಯಲಿನಿಂದ ತಂದ ಮರಳಿನಲ್ಲಿ ಬೇರೆ ಬೆಕ್ಕುಗಳ ಹೊಟ್ಟೆಹುಳುಗಳ ಮೊಟ್ಟೆಗಳೂ ಇರಬಹುದು. ಬಡಗಿಯ ಬಳಿ ಸಿಗುವ ಹೊಟ್ಟಿನಲ್ಲಿ ಪ್ಲೈವುಡ್‌ನ ಅಂಟು, ವಾರ್ನಿಷ್, ಗೆದ್ದಲು ನಿರೋಧಕಗಳು ಬೆರೆತಿರುವ ಸಾಧ್ಯತೆಯಿದೆ, ಧೂಳಂತೂ ವಿಪರೀತ. ಭತ್ತದ ಹೊಟ್ಟು ಹೀರುವುದು ತೀರ ಕಡಿಮೆ. ಹರಿದ ಪತ್ರಿಕೆ ಒಂದೆರಡು ದಿನದ ತುರ್ತಿಗೆ ಅಡ್ಡಿಯಿಲ್ಲ.

## ಬೆಕ್ಕು ಒಪ್ಪುವ ವಿಚಾರ

ಹೊಸ ಲಿಟರ್ ಹಾಕಿದಾಗಿನಿಂದ ಬೆಕ್ಕು ಹಾಸಿಗೆ ಮೇಲೆ ಮಾಡುತ್ತಿದೆ. ಸೇಡು ತೀರಿಸಿಕೊಳ್ಳುತ್ತಿದೆಯೇ?

ಸೇಡು ಅಲ್ಲ. ಮನೆಬೆಕ್ಕಿನ ಪೂರ್ವಜ ಒಣ ಪ್ರದೇಶಗಳ ಕಾಡುಬೆಕ್ಕು. ಸಡಿಲವಾದ ನಯವಾದ ಮಣ್ಣನ್ನು ಕೆದಕಿ ಹೊಯ್ದು ಮುಚ್ಚುವುದು ಅದರ ರಕ್ತದಲ್ಲೇ ಇದೆ. ಪಾದಕ್ಕೆ ಚುಚ್ಚುವ ಗುಳಿಗೆಯ ಬದಲು ಮೆತ್ತನೆಯ ಹಾಸಿಗೆ ಸಿಕ್ಕಿದರೆ ಅದು ಅಲ್ಲಿಗೇ ಹೋಗುತ್ತದೆ. ಹೊರಗೆ ಮಾಡುವ ಮೊದಲೇ ಅದು ತನ್ನ ಅಸಮಾಧಾನವನ್ನು ತೋರಿಸಿರುತ್ತದೆ, ನಾವು ಗಮನಿಸಿರುವುದಿಲ್ಲ ಅಷ್ಟೇ. ಮುಂಗಾಲೆರಡನ್ನೂ ಟ್ರೇಯ ಅಂಚಿನ ಮೇಲೆ ಇಟ್ಟುಕೊಂಡು ಹಿಂಭಾಗವನ್ನು ಮಾತ್ರ ಒಳಗಿಳಿಸುವುದು, ಹೊರಬರುವಾಗ ಪಾದವನ್ನು ಒಂದೊಂದಾಗಿ ಒದರುವುದು, ಲಿಟರನ್ನು ಮುಟ್ಟದೆ ಪಕ್ಕದ ಗೋಡೆಯನ್ನು ಕೆರೆಯುವುದು, ಮುಗಿದೊಡನೆ ಮುಚ್ಚದೆ ಓಡುವುದು ಇವೆಲ್ಲ ಅದೇ ಮಾತನ್ನು ಹೇಳುತ್ತವೆ.

ಮಾಡಬೇಕಾದದ್ದು ಇಷ್ಟು. ಹಳೆಯ ಲಿಟರ್ ತುಂಬಿದ ಟ್ರೇಯನ್ನು ಅದರ ಹಳೆಯ ಜಾಗಕ್ಕೇ ಮರಳಿಸಿ, ಅದರ ಪಕ್ಕದಲ್ಲಿ ಹೊಸದನ್ನು ಮತ್ತೊಂದು ಟ್ರೇಯಲ್ಲಿ ಇಡಿ. ಒಂದೆರಡು ವಾರ ಎರಡನ್ನೂ ಸಮನಾಗಿ ಸ್ವಚ್ಛವಾಗಿಟ್ಟು ಯಾವುದರಲ್ಲಿ ಹೆಚ್ಚು ಉಂಡೆ ಸಿಗುತ್ತದೆ ಎಂದು ನೋಡಿದರೆ ಬೆಕ್ಕಿನ ತೀರ್ಪು ಸ್ಪಷ್ಟವಾಗುತ್ತದೆ. ಜಾಗ ಒಂದೇ ಟ್ರೇಗೆ ಸಾಕಾಗುವಂತಿದ್ದರೆ ಹಳೆಯದಕ್ಕೆ ಕಾಲು ಭಾಗ ಹೊಸದನ್ನು ಬೆರೆಸಿ, ಬೆಕ್ಕು ಎಂದಿನಂತೆ ಕೆದಕುತ್ತಿರುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಪ್ರಮಾಣವನ್ನು ಏರಿಸಿ. ಟ್ರೇ, ಜಾಗ, ಲಿಟರ್ ಮೂರನ್ನೂ ಒಟ್ಟಿಗೆ ಬದಲಾಯಿಸಬೇಡಿ. ತೊಂದರೆ ಬಂದಾಗ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಬೈಯುವುದರಿಂದ, ಮೂಗನ್ನು ಉಜ್ಜುವುದರಿಂದ ಬೆಕ್ಕು ಕಲಿಯುವುದು ನಿಮ್ಮಿಂದ ಅಡಗಿ ಹೊಯ್ಯುವುದನ್ನು ಮಾತ್ರ. ಹಾಸಿಗೆಯನ್ನು ಕಿಣ್ವ ಇರುವ ಶುಚಿಕಾರಕದಿಂದ ತೊಳೆಯಿರಿ, ವಾಸನೆ ಉಳಿದರೆ ಅದು ಮತ್ತೆ ಅಲ್ಲಿಗೇ ಬರುತ್ತದೆ.

ಎರಡು ಬೆಕ್ಕುಗಳಿವೆ, ಒಂದಕ್ಕೆ ಹಿಡಿಸಿದ್ದು ಇನ್ನೊಂದಕ್ಕೆ ಆಗದು.

ಟ್ರೇಗಳು ಮೂರಿರಬೇಕಾದ ಮನೆಯಲ್ಲಿ ಎಲ್ಲದರಲ್ಲೂ ಒಂದೇ ಲಿಟರ್ ಇರಬೇಕೆಂಬ ನಿಯಮವಿಲ್ಲ. ಹಟಮಾರಿ ಬೆಕ್ಕಿಗೆ ಬೇಕಾದದ್ದನ್ನು ಎರಡರಲ್ಲಿ, ಉಳಿದದ್ದನ್ನು ಒಂದರಲ್ಲಿ ಹಾಕಿ.

ಮರಿಗೆ ಯಾವುದು ಒಳ್ಳೆಯದು?

ಮರಿಗಳು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತವೆ. ಹೊರಗೆ ಉಂಡೆ ಕಟ್ಟುವುದು ಹೊಟ್ಟೆಯೊಳಗೂ ಕಟ್ಟಬಲ್ಲದು. ಅದು ಮಣ್ಣಿನದ್ದಾದರೂ ಧಾನ್ಯದ್ದಾದರೂ ವ್ಯತ್ಯಾಸವಿಲ್ಲ. ಆದ್ದರಿಂದ ಮೂರು ನಾಲ್ಕು ತಿಂಗಳಾಗುವವರೆಗೆ ಉಂಡೆ ಕಟ್ಟದ ಕಾಗದ ಅಥವಾ ಮರದ ಸಣ್ಣ ಗುಳಿಗೆಯನ್ನು, ಮರಿ ಸುಲಭವಾಗಿ ಹತ್ತಿಳಿಯಬಹುದಾದ ತಗ್ಗು ಅಂಚಿನ ಟ್ರೇಯಲ್ಲಿ ಹಾಕಿ. ಈ ವಯಸ್ಸಿನಲ್ಲಿ ಪಾದಕ್ಕೆ ಪರಿಚಯವಾದದ್ದನ್ನು ಬೆಕ್ಕು ದೊಡ್ಡದಾದ ಮೇಲೂ ಒಪ್ಪುವ ಸಂಭವ ಹೆಚ್ಚು.

ಶಸ್ತ್ರಚಿಕಿತ್ಸೆಯಾದ ಬೆಕ್ಕಿಗೆ, ವಯಸ್ಸಾದ ಬೆಕ್ಕಿಗೆ ಬೇರೆ ಬೇಕೇ?

ಹೊಲಿಗೆ ಹಾಕಿದ ಗಾಯಕ್ಕೆ ನಯವಾದ ಪುಡಿ ಅಂಟಿಕೊಳ್ಳಬಾರದೆಂದು ಪಶುವೈದ್ಯರು ಹೇಳುವಷ್ಟು ದಿನ, ಸಾಮಾನ್ಯವಾಗಿ ಒಂದೆರಡು ವಾರ, ಕಾಗದದ ಗುಳಿಗೆ ಅಥವಾ ಹರಿದ ಕಾಗದ ಬಳಸುವುದು ರೂಢಿ. ಕೀಲುನೋವಿರುವ ಮುದಿ ಬೆಕ್ಕಿನ ಪಾದದಡಿ ಗುಳಿಗೆಗಳು ಉರುಳಿ ನಿಲ್ಲಲು ಕಷ್ಟವಾಗುತ್ತದೆ; ಅದಕ್ಕೆ ನಯವಾದ ಲಿಟರ್, ಒಂದು ಬದಿ ತಗ್ಗಿರುವ ಟ್ರೇ ಹೊಂದುತ್ತವೆ.

## ಆರೋಗ್ಯ

ಪೈನ್ ಬೆಕ್ಕಿಗೆ ವಿಷ ಎಂದು ಕೇಳಿದ್ದೇನೆ. ನಿಜವೇ?

ಭಯಕ್ಕೆ ಆಧಾರವಿದೆ, ಆದರೆ ಅದು ಅನ್ವಯಿಸುವುದು ಹಸಿ ಮರಕ್ಕೆ. ಪೈನ್ ಮತ್ತು ದೇವದಾರು ಜಾತಿಯ ಮರಗಳ ಎಣ್ಣೆಯಲ್ಲಿ ಫೀನಾಲ್‌ನಂಥ ಪದಾರ್ಥಗಳಿರುತ್ತವೆ, ಅವನ್ನು ಕರಗಿಸಿ ಹೊರಹಾಕುವ ಸಾಮರ್ಥ್ಯ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಲಿಟರ್‌ಗಾಗಿ ಮಾಡುವ ಗುಳಿಗೆಗಳನ್ನು ಬಿಸಿಗೂಡಿನಲ್ಲಿ ಒಣಗಿಸುವುದರಿಂದ ಈ ಎಣ್ಣೆಗಳ ಬಹುಪಾಲು ಆವಿಯಾಗಿ ಹೋಗುತ್ತದೆ. ಹಾಗೆ ಒಣಗಿಸಿದ್ದೆಂದು ಪೊಟ್ಟಣದ ಮೇಲೆ ಇರಬೇಕು, ಒಡೆದಾಗ ಮರದ ತಿಳಿ ವಾಸನೆ ಮಾತ್ರ ಬರಬೇಕು. ಮೂಗಿಗೆ ಅಡರುವ ಟರ್ಪೆಂಟೈನ್ ಘಾಟು ಬಂದರೆ ಹಿಂದಿರುಗಿಸಿ. ಒಲೆಗೆಂದು ಮಾರುವ ಗುಳಿಗೆ ನೋಡಲು ಹಾಗೆಯೇ ಇದ್ದರೂ ಅದರಲ್ಲಿ ಏನೇನು ಬೆರೆಸಿದ್ದಾರೆ ಎಂಬುದು ಖಚಿತವಿಲ್ಲದ ಕಾರಣ ಅಗ್ಗದ ಆಸೆಗೆ ಅದನ್ನು ತರಬಾರದು.

ಮನೆಯಲ್ಲಿ ಒಬ್ಬರಿಗೆ ಆಸ್ತಮಾ, ಇನ್ನೊಬ್ಬರಿಗೆ ಅಲರ್ಜಿ. ಸಸ್ಯಮೂಲದ್ದೇ ಸುರಕ್ಷಿತವೇ?

ಕಣ್ಣುಮುಚ್ಚಿ ಹಾಗೆ ಹೇಳಲಾಗದು. ಮಣ್ಣಿನ ಲಿಟರ್‌ನ ಧೂಳಿನಲ್ಲಿ ಇರಬಹುದಾದ ಸ್ಫಟಿಕ ರೂಪದ ಸಿಲಿಕಾ ಇಲ್ಲಿಲ್ಲ ಎಂಬುದು ದೊಡ್ಡ ಅನುಕೂಲ. ಆದರೆ ಗೋಧಿಯ, ಕಾಗದದ, ಮರದ ಧೂಳೂ ಶ್ವಾಸನಾಳವನ್ನು ಕೆಣಕುತ್ತದೆ. ಬೆಕ್ಕುಗಳಿಗೂ ಆಸ್ತಮಾ ಬರುತ್ತದೆ. ಅಕ್ರೋಟು, ಗೋಧಿ, ಸೋಯಾ ಅಲರ್ಜಿಯಿರುವವರ ಮನೆಗೆ ಅವುಗಳಿಂದ ಮಾಡಿದ ಲಿಟರ್ ಬೇಡ. ಇಂಥ ಮನೆಗಳಲ್ಲಿ ಒಣಗಿಸಿದ ಮರದ ಗುಳಿಗೆ ಅಥವಾ, ಸೋಯಾ ಅಲರ್ಜಿ ಯಾರಿಗೂ ಇಲ್ಲದಿದ್ದರೆ, ಟೋಫುವಿನಂಥ ಕಡಿಮೆ ಧೂಳಿನದ್ದನ್ನು ಪರೀಕ್ಷಿಸಿ ನೋಡಿ. ಪೊಟ್ಟಣವನ್ನು ಎತ್ತರದಿಂದ ಸುರಿಯದೆ ಟ್ರೇಗೆ ತಾಗಿಸಿ ಮೆಲ್ಲಗೆ ಬಗ್ಗಿಸಿ.

ಬೆಕ್ಕು ಲಿಟರ್ ತಿನ್ನುತ್ತಿದೆ, ನಾಯಿಯೂ ಬಾಯಿ ಹಾಕುತ್ತಿದೆ.

ವಯಸ್ಕ ಬೆಕ್ಕು ಹೊಸ ಧಾನ್ಯದ ಲಿಟರನ್ನು ಒಂದೆರಡು ಸಲ ರುಚಿ ನೋಡಿ ಬಿಟ್ಟರೆ ಚಿಂತೆಯಿಲ್ಲ. ಬಿಡದೆ ತಿನ್ನತೊಡಗಿದರೆ ರಕ್ತಹೀನತೆಯಂಥ ಕಾರಣವಿರಬಹುದು, ಪಶುವೈದ್ಯರಿಗೆ ತೋರಿಸಬೇಕು. ನಾಯಿಗೆ ಮೆಕ್ಕೆಜೋಳ, ಗೋಧಿ, ಟೋಫು ಎಲ್ಲವೂ ತಿಂಡಿಯೇ, ಜೊತೆಗೆ ಬೆಕ್ಕಿನ ಮಲವೂ. ಬೆಕ್ಕು ಮಾತ್ರ ತಲುಪಬಲ್ಲ ಜಾಗಕ್ಕೆ ಟ್ರೇಯನ್ನು ಸಾಗಿಸುವುದೇ ಪರಿಹಾರ.

ಗರ್ಭಿಣಿಯಿದ್ದಾರೆ. ನೈಸರ್ಗಿಕ ಲಿಟರ್ ಹಾಕಿದರೆ ಸೋಂಕಿನ ಭಯ ಇಲ್ಲವಲ್ಲ?

ಲಿಟರ್‌ನ ಬಗೆಗೂ ಈ ಭಯಕ್ಕೂ ಸಂಬಂಧವಿಲ್ಲ. ಟಾಕ್ಸೊಪ್ಲಾಸ್ಮಾ ಗೊಂಡಿ ಎಂಬ ಪರಾವಲಂಬಿ ಬೆಕ್ಕಿನ ಮಲದಲ್ಲಿ ಹೊರಬೀಳುತ್ತದೆ, ಬೆಕ್ಕಿಗೆ ಮೊದಲ ಸಲ ಸೋಂಕು ತಗುಲಿದ ನಂತರದ ಒಂದರಿಂದ ಮೂರು ವಾರಗಳವರೆಗೆ ಸಾಮಾನ್ಯವಾಗಿ ಇದು ನಡೆಯುತ್ತದೆ. ಹೊರಬಿದ್ದದ್ದು ಇನ್ನೊಬ್ಬರಿಗೆ ಅಂಟುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು, ಆದ್ದರಿಂದಲೇ ದಿನವೂ ತಪ್ಪದೆ ಮಲವನ್ನು ತೆಗೆಯುವುದು ಇಷ್ಟು ಮುಖ್ಯ. ಆ ಕೆಲಸವನ್ನು ಮನೆಯ ಬೇರೊಬ್ಬರು ವಹಿಸಿಕೊಳ್ಳಲಿ. ಅದು ಸಾಧ್ಯವಿಲ್ಲದಿದ್ದರೆ ಗರ್ಭಿಣಿಯು ಕೈಗವಸು ಹಾಕಿಕೊಂಡು ಮಾಡಿ, ನಂತರ ಸೋಪಿನಿಂದ ಕೈ ತೊಳೆಯಬೇಕು. ಬೆಕ್ಕಿಗೆ ಹಸಿ ಮಾಂಸ ಕೊಡಬಾರದು, ಬೇಟೆಗೆ ಬಿಡಬಾರದು. ಅರೆಬೆಂದ ಮಾಂಸ ಮತ್ತು ತೊಳೆಯದ ತರಕಾರಿಯಿಂದಲೂ ಇದೇ ಸೋಂಕು ಬರುತ್ತದೆ ಎಂಬುದನ್ನು ಮರೆತು ಬೆಕ್ಕನ್ನು ಮನೆಯಿಂದ ಓಡಿಸುವ ಅಗತ್ಯವಿಲ್ಲ.

ಟ್ರೇ ನೋಡಿ ಬೆಕ್ಕಿನ ಕಾಯಿಲೆ ಗುರುತಿಸಬಹುದೇ?

ಬಹುಮಟ್ಟಿಗೆ ಹೌದು, ಉಂಡೆ ಕಟ್ಟುವ ಲಿಟರ್‌ನ ದೊಡ್ಡ ಪ್ರಯೋಜನವೂ ಇದೇ. ಆರೋಗ್ಯವಂತ ವಯಸ್ಕ ಬೆಕ್ಕು ದಿನಕ್ಕೆ ಸಾಮಾನ್ಯವಾಗಿ 2ರಿಂದ 4 ಸಲ ಮೂತ್ರ ಮಾಡುತ್ತದೆ, ಉಂಡೆಗಳ ಗಾತ್ರವೂ ಹೆಚ್ಚುಕಡಿಮೆ ಒಂದೇ. ಉಂಡೆಗಳು ದೊಡ್ಡದಾಗುತ್ತ, ಹೆಚ್ಚಾಗುತ್ತ ಹೋದರೆ ಮೂತ್ರಪಿಂಡದ ತೊಂದರೆ ಅಥವಾ ಮಧುಮೇಹದ ಶಂಕೆ. ನಾಣ್ಯದಷ್ಟು ಚಿಕ್ಕ ಉಂಡೆಗಳು ಅಲ್ಲಲ್ಲಿ ಬಿದ್ದಿದ್ದರೆ ಮೂತ್ರಕೋಶದ ಉರಿಯೂತದ ಶಂಕೆ. ಗಂಡುಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತಿದ್ದು ಒಂದೂ ಉಂಡೆ ಸಿಗದಿದ್ದರೆ ಮೂತ್ರನಾಳ ಕಟ್ಟಿಕೊಂಡಿರಬಹುದು. ಅದನ್ನು ಮಲಬದ್ಧತೆಯೆಂದು ಭಾವಿಸಿ ಬೆಳಗಿನವರೆಗೆ ಕಾಯಬಾರದು. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದಾದ ಸ್ಥಿತಿ ಅದು, ಆಗಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಮೂತ್ರದ ತೊಂದರೆಯ ಇತಿಹಾಸವಿರುವ ಬೆಕ್ಕಿಗೆ ತಿಳಿ ಬಣ್ಣದ, ಉಂಡೆ ಕಟ್ಟುವ ಲಿಟರನ್ನೇ ನಾನು ಸೂಚಿಸುತ್ತೇನೆ.

## ವಿಲೇವಾರಿ

ಪೊಟ್ಟಣದ ಮೇಲೆ ಕಮೋಡಿಗೆ ಹಾಕಬಹುದು ಎಂದಿದೆ. ಹಾಕಲೇ?

ಬೇಡ. ನೀರಿನಲ್ಲಿ ಬಿಡಿಬಿಡಿಯಾಗುವ ಟೋಫು ಲಿಟರ್ ಕೂಡ ಕಡಿಮೆ ನೀರಿನ ಕಮೋಡಿನಲ್ಲಿ, ಹಳೆಯ ಕೊಳವೆಯಲ್ಲಿ, ಮನೆಯ ಸೆಪ್ಟಿಕ್ ಗುಂಡಿಯಲ್ಲಿ ಉಬ್ಬಿ ಕಟ್ಟಿಕೊಳ್ಳಬಲ್ಲದು. ಅದಕ್ಕಿಂತ ಮುಖ್ಯವಾಗಿ, ಬೆಕ್ಕಿನ ಮಲದಲ್ಲಿರಬಹುದಾದ ಟಾಕ್ಸೊಪ್ಲಾಸ್ಮಾದ ಗಟ್ಟಿ ಕವಚದ ಕೋಶಗಳು ಕೊಳಚೆ ನೀರಿನ ಸಾಮಾನ್ಯ ಶುದ್ಧೀಕರಣದಲ್ಲಿ ಸಾಯುತ್ತವೆಂಬ ಭರವಸೆಯಿಲ್ಲ. ಕ್ಯಾಲಿಫೋರ್ನಿಯಾದ ಕರಾವಳಿಯ ಕಡಲ ನೀರುನಾಯಿಗಳಲ್ಲಿ ಈ ಸೋಂಕು ಸಾವಿಗೂ ಕಾರಣವಾದದ್ದು ಕಂಡುಬಂದ ಮೇಲೆ, ಬೆಕ್ಕಿನ ಮಲವನ್ನು ಕಮೋಡಿಗೂ ಚರಂಡಿಗೂ ಹಾಕದಂತೆ ಲಿಟರ್ ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ಆ ರಾಜ್ಯ 2006ರಲ್ಲಿ ಕಾನೂನು ಮಾಡಿತು.

ಸಸ್ಯಮೂಲದ್ದಾದರೆ ಗಿಡಗಳಿಗೆ ಗೊಬ್ಬರ ಮಾಡಬಹುದಲ್ಲ?

ಮಲ ಸೇರಿದ ಲಿಟರನ್ನು ತಿನ್ನುವ ಬೆಳೆಯ ಹತ್ತಿರಕ್ಕೂ ಒಯ್ಯಬಾರದು. ಮೇಲೆ ಹೇಳಿದ ಪರಾವಲಂಬಿಯೂ ಜಂತುಹುಳುಗಳ ಮೊಟ್ಟೆಗಳೂ ತೇವದ ಮಣ್ಣಿನಲ್ಲಿ ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದಿರಬಲ್ಲವು. ಇವು ಸಾಯಬೇಕಾದರೆ ಗೊಬ್ಬರದ ರಾಶಿಯ ಎಲ್ಲ ಭಾಗವೂ 60 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಬಿಸಿಯೇರಬೇಕು, ಮನೆಯ ಗುಂಡಿಯಲ್ಲಿ ಅದು ನಡೆಯುವುದು ಅಪರೂಪ. ಮಲವನ್ನು ಬೇರೆಯಾಗಿ ತೆಗೆದು, ಜರಡಿ ಟ್ರೇಯ ಕೆಳಗೆ ಬಿದ್ದ ಮೂತ್ರದ ಹೊಟ್ಟನ್ನಷ್ಟೇ ಪ್ರತ್ಯೇಕ ರಾಶಿಯಲ್ಲಿ ದೀರ್ಘಕಾಲ ಕೊಳೆಸಿ ಹೂಗಿಡಗಳ ಬುಡಕ್ಕೆ ಹಾಕುವವರಿದ್ದಾರೆ. ಅಷ್ಟು ಶಿಸ್ತು ಸಾಧ್ಯವಿಲ್ಲವೆನಿಸಿದರೆ ಕೈಹಾಕದಿರುವುದೇ ಒಳ್ಳೆಯದು.

ಕೊನೆಗೆ ಕಸದ ಬುಟ್ಟಿಗೇ ಹೋಗುವುದಾದರೆ ನೈಸರ್ಗಿಕವಾಗಿದ್ದು ಏನು ಉಪಯೋಗ?

ಕೊಳೆಯುವ ಗುಣದಿಂದ ಸಿಗುವ ಲಾಭ ಜಾಹೀರಾತು ಹೇಳುವುದಕ್ಕಿಂತ ಕಡಿಮೆಯೇ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಗಾಳಿಯಾಡದ ಕಸದ ಗುಡ್ಡದಡಿ ಹೂತ ಮರದ ಹೊಟ್ಟು ನಿಧಾನವಾಗಿ ಕೊಳೆಯುತ್ತದೆ, ಕೊಳೆಯುವಾಗ ಮೀಥೇನ್ ಅನಿಲವನ್ನೂ ಬಿಡುತ್ತದೆ. ನಿಜವಾದ ವ್ಯತ್ಯಾಸ ಇರುವುದು ಆರಂಭದ ತುದಿಯಲ್ಲಿ, ಅಂದರೆ ಕಚ್ಚಾವಸ್ತು ಎಲ್ಲಿಂದ ಬಂತು ಎಂಬಲ್ಲಿ. ಮರದ ಮಿಲ್ಲಿನ ಹೊಟ್ಟು, ಸೋಯಾ ಚರಟ, ಅಕ್ರೋಟಿನ ಚಿಪ್ಪು, ಹಳೆಯ ಕಾಗದ ಇವೆಲ್ಲ ಬೇರೊಂದು ಕೆಲಸದಲ್ಲಿ ಉಳಿದ ವಸ್ತುಗಳು. ಅವಕ್ಕಾಗಿ ಯಾರೂ ಗಣಿ ತೋಡಿಲ್ಲ. ಇಡೀ ಮೆಕ್ಕೆಜೋಳದ ಕಾಳನ್ನೇ ಬೀಸಿ ಮಾಡಿದ ಲಿಟರ್‌ಗೆ ಈ ಮಾತು ಅಷ್ಟಾಗಿ ಸಲ್ಲದು, ಅದಕ್ಕೆ ಹೊಲ, ನೀರು, ಗೊಬ್ಬರ ಎಲ್ಲವೂ ಖರ್ಚಾಗಿರುತ್ತವೆ. ಪರಿಸರವೇ ನಿಮ್ಮ ಮೊದಲ ಕಾರಣವಾಗಿದ್ದರೆ ಉಳಿಕೆ ವಸ್ತುಗಳಿಂದ ಹತ್ತಿರದಲ್ಲೇ ತಯಾರಾದದ್ದನ್ನು ಹುಡುಕಿ, ಎತ್ತಿದ ಉಂಡೆಗಳಿಗೆ ದಿನಕ್ಕೊಂದು ಪ್ಲಾಸ್ಟಿಕ್ ಚೀಲ ಬಳಸುವ ಬದಲು ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಎರಡು ಮೂರು ದಿನಕ್ಕೊಮ್ಮೆ ಒಂದೇ ಚೀಲದಲ್ಲಿ ಕಟ್ಟಿ ಹಾಕಿ.